ಡಾಕ್ಟರಮ್ಮನ ಸ್ಟೇರಿಂಗ್

ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಡಾಕ್ಟರಮ್ಮನಿಗೆ ಸುಮ್ಮನೆ ನಿಲ್ಲುವುದೇ ಆಗುತ್ತಿರಲಿಲ್ಲ. ತಮ್ಮ ಹಳೆಯ ಅಮೆರಿಕನ್ ಕಾರಿಗೆ ಬೇರೆ ಸ್ಟೇರಿಂಗ್ ಬಾಕ್ಸ್ ಹಾಕಿಸುವಾಗಲೂ ಬಾನೆಟ್ಟಿನ ಮೇಲೆ ಬೆರಳು ಬಡಿಯುತ್ತಿದ್ದರು.

“ಇದು ಹಗುರ ಐತ್ರಿ ಅಮ್ಮಾರ, ಆದ್ರ ಬಾಳ ಸುತ್ತು ತಿರುವಬೇಕು. ಅದು ಲಗೂ ತಿರುಗ್ತೈತಿ, ತೋಳು ನೋಯ್ತಾವ,” ಎಂದ ಮೆಕ್ಯಾನಿಕ್, ಎರಡು ಬಾಕ್ಸ್ ಮುಂದಿಟ್ಟು.

“ಲಗೂ ತಿರುಗೋದ ಹಾಕ್ರಿ. ತಡ ಆತು!” ಸದಾ ಅದೇ ಮಾತು ಅವರದು.

ಮರುದಿನ ರಾರಾವಿ ಹಳ್ಳಿಗೆ ಹೆರಿಗೆ ಮಾಡಿಸಲು ಹೊರಟೆವು. ನಾನು ಅವರ ನರ್ಸು. ಕರೂರಿನ ಬಳಿ ಎತ್ತಿನ ಗಾಡಿಯನ್ನು ಹಿಂದಿಕ್ಕುತ್ತ ಲಾರಿಯೊಂದು ನಮ್ಮೆದುರಿಗೇ ನುಗ್ಗಿತು. ಸ್ಟೇರಿಂಗ್ ಹಿಡಿದಿದ್ದ ಡಾಕ್ಟರಮ್ಮ ಒಂದೇ ಎಳೆತಕ್ಕೆ ಕಾರನ್ನು ಗದ್ದೆಯ ಅಂಚಿಗೆ ತಿರುಗಿಸಿದರು. ಲಾರಿ ಪಕ್ಕದಲ್ಲೇ ದಾಟಿಹೋಯಿತು.

ರಾರಾವಿಯಲ್ಲಿ ಮಗು ಹುಟ್ಟಿ ಅತ್ತಿತು. ಡಾಕ್ಟರಮ್ಮ ಅದನ್ನು ನನಗೆ ಕೊಟ್ಟು, “ನೀ ಹಿಡಕೋವಾ, ಆ ಲಾರಿ ತಪ್ಪಿಸಿ ನನ್ನ ತೋಳು ನೋಯಾಕತ್ತಾವ,” ಎಂದು ನೆಲದ ಮೇಲೆ ಕುಳಿತುಬಿಟ್ಟರು. ಬಾಣಂತಿಯ ಅತ್ತೆ ತಂದಿಟ್ಟ ಚಹಾ ಆರಿಹೋದರೂ ಏಳಲಿಲ್ಲ.