ಅಪ್ಪನೇ ಈಜಿನ ಮೇಷ್ಟ್ರಾದಾಗ

ಭಾನುವಾರ ಸಂಜೆ. ಬೆಳಗಾದರೆ ಸೋಮವಾರದ ಪೂಜೆ ಎಂದು ಹಿತ್ತಿಲ ಕಲ್ಲಿನ ಮೇಲೆ ಕೂತು ದೇವರ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೆ. ತಿಪಟೂರಿನ ಬಸ್ಸಿಳಿದು ಬಂದ ಮಗಳು ಚೀಲವನ್ನು ಜಗುಲಿಗೆ ಎಸೆದು ನೆಟ್ಟಗೆ ನನ್ನ ಹತ್ತಿರವೇ ಬಂದಳು.

"ಅಮ್ಮಾ, ನನ್ನ ಹೆಸರಿಲ್ಲ."

"ಯಾವುದ್ರಲ್ಲೇ?"

"ರಿಲೇಲಿ. ನಾಕು ಜನದ್ದು ಓದಿದ್ರು. ನಂದಿಲ್ಲ."

"ಯಾರು ಓದಿದ್ದು?"

"ಇನ್ಯಾರು? ಅಪ್ಪ."

ಮಗಳ ಶಾಲೆಯ ಆಟದ ಮೇಷ್ಟ್ರಿಗೆ ಈಜು ಬಾರದು. ನಮ್ಮ ಯಜಮಾನರು ಬಾವಿಯಲ್ಲೇ ಬೆಳೆದವರು. ಕಿಬ್ಬನಹಳ್ಳಿ ಹತ್ತಿರದ ನಮ್ಮ ತೋಟದ ಬಾವಿಯಲ್ಲಿ ಬೆನ್ನಿಗೆ ಎರಡು ಒಣ ತೆಂಗಿನಕಾಯಿ ಕಟ್ಟಿ ಊರ ಮಕ್ಕಳಿಗೆಲ್ಲ ಈಜು ಕಲಿಸಿದವರು. ಸಿಪ್ಪೆ ಸಮೇತ ಇರುವ ಒಣ ಕಾಯಿ ಮುಳುಗುವುದಿಲ್ಲ. ಧೈರ್ಯ ಬಂದಂತೆ ಒಂದು ಕಾಯಿ ಬಿಚ್ಚುತ್ತಾರೆ, ಆಮೇಲೆ ಇನ್ನೊಂದು. ನನ್ನ ಮಗಳೂ ಹಾಗೆ ಕಲಿತವಳೇ. ಅದನ್ನು ಕೇಳಿಯೇ ಶಾಲೆಯವರು ಇವರನ್ನು ಕರೆದರು. ಬೆಳಿಗ್ಗೆ ತಿಪಟೂರಿನ ಈಜುಕೊಳದಲ್ಲಿ ಹುಡುಗಿಯರಿಗೆ ಹೇಳಿಕೊಡುವುದು, ಜಿಲ್ಲಾ ಪಂದ್ಯಕ್ಕೆ ತಂಡ ಆರಿಸುವುದು, ಎಲ್ಲ ಇವರದೇ. ಒಬ್ಬರಾದ ಮೇಲೊಬ್ಬರು ನಾಲ್ವರು ಈಜುವ ಆ ರಿಲೇಗೆ ಐದು ಹುಡುಗಿಯರಿದ್ದರು. ನಮ್ಮವಳು ಎಂದೂ ಕೊನೆಯವಳಲ್ಲ. ನಾನು ಹೇಳುವುದಲ್ಲ ಇದು, ಸ್ಟಾಪ್‌ವಾಚ್ ಹೇಳುತ್ತಿತ್ತು. ಅದನ್ನು ಹಿಡಿಯುತ್ತಿದ್ದವರೂ ಇವರೇ.

ಯಜಮಾನರು ಬಂದಾಗ ಕಾಲು ತೊಳೆಯುವುದಕ್ಕೂ ಬಿಡಲಿಲ್ಲ.

"ಏನ್ರೀ, ಮಗಿ ಹಿಂದೆ ಬಿದ್ಲಾ?"

"ಇಲ್ಲ. ಚೆನ್ನಾಗೇ ಈಜಿದ್ಲು."

"ಮತ್ತೆ?"

"ನೋಡು, ಹೇಳ್ಕೊಡೋನೂ ನಾನೇ, ಆರ್ಸೋನೂ ನಾನೇ. ನನ್ನ ಮಗಳನ್ನೇ ಸೇರಿಸ್ಕಂಡ್ರೆ ನಾಕು ಜನ ಏನಂತಾರೆ? ಮುಂದಿನ ವರ್ಷ ನೋಡಾನ ಬುಡು."

ನನ್ನ ಮೈಯೆಲ್ಲ ಉರಿದುಹೋಯಿತು. ಈ ಮನೆಯಲ್ಲಿ ಕೊಬ್ಬರಿ ಸುಲಿದಾಗ ದುಂಡಗಿನ ಇಡೀ ಗಿಟುಕೆಲ್ಲ ಚೀಲ ಸೇರಿ ಮಂಡಿಗೆ ಹೋಗುತ್ತದೆ. ಒಡೆದದ್ದು, ಬೂಸ್ಟು ಹಿಡಿದದ್ದು ನಮ್ಮ ಚಟ್ನಿಪುಡಿಗೆ. ನೆಂಟರಿಗೆ ಇಡೀ ಒಬ್ಬಟ್ಟು, ನಮಗೆ ಹಂಚಿಗೆ ಅಂಟಿ ಹರಿದದ್ದು. ಮದುವೆಯಾಗಿ ಬಂದಾಗಿನಿಂದ ಹಾಗೇ ನಡೆಸಿಕೊಂಡು ಬಂದಿದ್ದೇನೆ. ಬೇಸರವಿಲ್ಲ, ದೇವರು ಕೊಟ್ಟದ್ದರಲ್ಲಿ ಒಳ್ಳೆಯದು ಇನ್ನೊಬ್ಬರ ಬಾಯಿಗೆ ಬಿದ್ದರೆ ಅದೂ ಪುಣ್ಯವೇ. ಆದರೆ ಹೆತ್ತ ಮಗಳನ್ನೂ ಹೀಗೆಯೇ ಆರಿಸಿ ಪಕ್ಕಕ್ಕಿಡುವುದೇ?

"ಮಂಡಿಗೆ ದುಂಡಂದು, ಮನೆಗೆ ಒಡಕ್ಲು. ಕೊಬ್ರಿ ವಿಚಾರಕ್ಕೆ ನಾನು ತುಟಿಪಿಟಕ್ ಅಂದಿಲ್ಲ. ಮಗೀನೂ ಅದೇ ಲೆಕ್ಕಕ್ಕೆ ಹಾಕ್ಬುಟ್ರಾ?"

ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತದೆಯೇ ಹೇಳಿದರು: "ಅವರಪ್ಪನೂ ಹಿಂಗೇ ಕಣವ್ವ. ನೆಂಟರ ಎಲೆಗೆಲ್ಲಾ ತುಪ್ಪ ಸುರಿದು, ನನ್ನ ಸರದಿ ಬಂದ್ರೆ ಗಿಂಡಿ ಅಲ್ಲಾಡ್ಸಿ ತೋರ್ಸೋನು."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅಂದು ನಗು ಬರಲಿಲ್ಲ. ಕೊಳದ ಹತ್ತಿರ ಹೋದಾಗ ನಾನೇ ಕಣ್ಣಾರೆ ನೋಡಿದ್ದೇನೆ. ಬೇರೆ ಮಕ್ಕಳಿಗೆ "ಬಾರವ್ವ, ಹೆದರ್ಬೇಡ, ನಾನಿಲ್ಲೇ ಇದೀನಿ" ಎನ್ನುತ್ತಾರೆ. ನಮ್ಮವಳಿಗೆ "ಏಯ್, ಕಾಲಾಡ್ಸೇ, ನೀರಲ್ಲೇ ನಿದ್ದೆ ಮಾಡ್ತೀಯಾ?" ಬೈಯುವುದಕ್ಕೆ ಸ್ವಂತ ಮಗಳು ಬೇಕು, ಹೆಸರು ಓದುವಾಗ ಬೇಡ!

ಹೊಸಿಲ ಮೇಲೆ ನಿಂತಿದ್ದ ಮಗಳು ಕೇಳಿದಳು: "ನಾನು ಬೇರೆ ಯಾರ ಮಗಳಾದ್ರೂ ಆಗಿದ್ರೆ ಹಾಕ್ತಿದ್ಯೇನಪ್ಪಾ?"

ಇವರಿಗೆ ಸುಳ್ಳು ಹೇಳಿ ಗೊತ್ತಿಲ್ಲ. "ಹಾಕ್ತಿದ್ದೆ" ಅಂದರು.

"ಹಂಗಾರೆ ನಾಳೆಯಿಂದ ನಾನು ಕೊಳಕ್ಕೇ ಬರಲ್ಲ." ಅಷ್ಟು ಹೇಳಿ ಒಳಗೆ ಹೋದಳು.

ನಾನು ಬಿಡಲಿಲ್ಲ. "ಹೆಸರು ಇನ್ನೂ ಜಿಲ್ಲೆಗೆ ಹೋಗಿಲ್ವಲ್ಲ? ಆಟದ ಮೇಷ್ಟ್ರಿಗೆ ಫೋನ್ ಮಾಡಿ. ಬೆಳಿಗ್ಗೆ ಐದು ಜನಾನೂ ಇನ್ನೊಂದ್ಸಲ ಈಜ್ಲಿ, ಗಡಿಯಾರ ಅವರೇ ಹಿಡೀಲಿ. ನೀವು ಒಳಗೆ ಕಾಲಿಡ್ಬೇಡಿ. ಸೋತ್ರೆ ನಾನೇ ಬಾಯಿ ಮುಚ್ಕಂತೀನಿ."

ಯಜಮಾನರು ತೋಟದ ಕಡೆ ಹೋದರು. ಕತ್ತಲಾಗುವ ಹೊತ್ತಿಗೆ ವಾಪಸು ಬಂದು ಫೋನ್ ಕೈಗೆತ್ತಿಕೊಂಡರು.

ಮಗಳನ್ನು ಹೊರಡಿಸುವುದು ಅದಕ್ಕಿಂತ ಕಷ್ಟವಾಯಿತು. ಬೆಳಿಗ್ಗೆ ಮುಖ ಊದಿಸಿಕೊಂಡೇ ಎದ್ದಳು. ಹಣೆಗೆ ವಿಭೂತಿ ಹಚ್ಚಿದೆ. "ನೀರಲ್ಲಿ ಹೋಗ್ಬುಡುತ್ತೆ ಬುಡಮ್ಮ" ಅಂದಳು. "ಹೋದ್ರೆ ಹೋಗ್ಲಿ, ಹಚ್ಚಿದ್ದು ಶಿವನಿಗೆ ಗೊತ್ತಿರುತ್ತೆ" ಅಂದೆ. ಅಂತೂ ಬಸ್ಸು ಹತ್ತಿದಳು. ಅವಳ ಹಿಂದೆಯೇ ಇವರೂ ಹೊರಟರು.

ಊಟದ ಹೊತ್ತಿಗೆ ಯಜಮಾನರು ಒಬ್ಬರೇ ಬಂದರು. ಮಗಳು ಅಲ್ಲಿಂದಲೇ ಶಾಲೆಗೆ ಹೋಗಿದ್ದಳು. ಇವರ ಮುಖದಲ್ಲಿ ಕಳೆ ಇತ್ತು.

"ಎರಡನೆಯವಳಾಗಿ ಗೋಡೆ ಮುಟ್ಟಿದ್ಲಂತೆ ಕಣೇ. ಮೇಷ್ಟ್ರೇ ಹೊರಗೆ ಬಂದು ಹೇಳಿದ್ರು. ತಂಡದಲ್ಲಿದ್ದಾಳೆ."

ಒಲೆಯ ಮುಂದೆಯೇ ಕೈ ಮುಗಿದೆ. ಹೆಸರು ಇನ್ನೂ ಹೋಗದೇ ಇದ್ದದ್ದು ಒಂದು ಪುಣ್ಯ, ಮೇಷ್ಟ್ರು ಒಪ್ಪಿದ್ದು ಒಂದು, ಹುಡುಗಿ ಹಟ ಬಿಟ್ಟು ನೀರಿಗಿಳಿದದ್ದು ಇನ್ನೊಂದು. ಆದರೆ ಹೊರಗುಳಿದ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳಂತೆ. ಅಳದೆ ಏನು ಮಾಡೀತು ಆ ಮಗು? ಒಂದು ದಿನ ತಂಡದಲ್ಲಿದ್ದೀಯ ಎಂದು ಹೇಳಿ, ಮಾರನೆಯ ದಿನ ಇಲ್ಲ ಅಂದರೆ? ಇವರು ತಾವು ನ್ಯಾಯವಂತರು ಅನ್ನಿಸಿಕೊಳ್ಳಲು ಹೋಗಿ ಇಬ್ಬರು ಮಕ್ಕಳ ಕಣ್ಣಲ್ಲಿ ನೀರು ಬರಿಸಿದರು.

ಇವರಿಗೆ ಅದು ಹೊಳೆದೇ ಇರಲಿಲ್ಲ. ತಟ್ಟೆಯ ಮುಂದೆ ಕೂತು, "ಸದ್ಯ, ಇನ್ನು ಯಾರೂ ಏನೂ ಅನ್ನಂಗಿಲ್ಲ" ಅಂದರು.

"ನಿನ್ನೆನೂ ಯಾರೂ ಏನೂ ಅಂದಿರ್ಲಿಲ್ಲ ಕಣ್ರೀ. ಅಂದ್ಕಂಡಿದ್ದು ನೀವೊಬ್ರೇ."

ಅಷ್ಟು ಹೇಳಿ ಒಲೆಯ ಕಡೆ ತಿರುಗಿದೆ. ಎಸರು ಕೊತಕೊತ ಕುದಿಯುತ್ತಿತ್ತು. ರಾಗಿಹಿಟ್ಟು ಸುರಿದು, ಬೆಂದ ಮೇಲೆ ಪಾತ್ರೆಯನ್ನು ಇಳಿಸಿ ಎರಡು ಕಾಲಿನ ನಡುವೆ ಅದುಮಿ ಹಿಡಿದು, ಮುದ್ದೆ ತಿರುವತೊಡಗಿದೆ.