ಲಾಟಿನ ಹೆಗಲಿಗೆ ತಕ್ಕಡಿ

ಚಿಂತಾಮಣಿಯಲ್ಲಿ ಕಂಪ್ಯೂಟರ್ ಪಾಠ ಹೇಳುವ ಕೆಲಸ ಬಿಟ್ಟು ನಾನು ಸ್ವಂತವಾಗಿ ಹಿಡಿದ ಮೊದಲ ಕೆಲಸ, ಶಿಡ್ಲಘಟ್ಟದ ಒಂದು ರೇಷ್ಮೆ ನೂಲಿನ ಕಾರ್ಖಾನೆಗೆ ಪ್ರೋಗ್ರಾಂ ಬರೆಯುವುದು. ರೈತರು ತಂದ ಗೂಡಿನ ಪ್ರತಿ ಲಾಟನ್ನೂ, ಅಂದರೆ ಒಬ್ಬೊಬ್ಬರ ರಾಶಿಯನ್ನೂ, ಎರಡು ಸಲ ತೂಗಬೇಕಿತ್ತು: ಬಂದ ಕೂಡಲೇ ಒಮ್ಮೆ, ಕೆಟ್ಟ ಗೂಡು ಆರಿಸಿ ತೆಗೆದ ಮೇಲೆ ಇನ್ನೊಮ್ಮೆ. ತಕ್ಕಡಿಯಿಂದ ತೂಕ ನೇರವಾಗಿ ಕಂಪ್ಯೂಟರಿಗೆ ಬರುತ್ತಿತ್ತು.

ಬೇಕಾದ ಸಾಧನವನ್ನು ಹೊರಗಿನಿಂದ ಒದಗಿಸುವ ಡಿಪೆಂಡೆನ್ಸಿ ಇಂಜೆಕ್ಷನ್ ಎಂಬ ವಿದ್ಯೆಯನ್ನು ಆಗ ತಾನೇ ಕಲಿತಿದ್ದೆ. ಹೊಸ ಹುರುಪು. ಪ್ರೋಗ್ರಾಮಿನಲ್ಲಿ ಹುಟ್ಟುವ ಪ್ರತಿ ಲಾಟಿಗೂ ಹುಟ್ಟುವಾಗಲೇ ಒಂದು ತಕ್ಕಡಿ, ಅಂದರೆ ತಕ್ಕಡಿಯ ಸಂಪರ್ಕ, ಕೊಟ್ಟು ಕಳಿಸಿದೆ, ಬೀಗಿದೆ ಕೂಡ. ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಬೆಳಗಿನ ಲಾಟುಗಳು ಡೇಟಾಬೇಸಿನಿಂದ ಎದ್ದು ಬಂದವು. ನಂಬರು, ಮೊದಲ ತೂಕ ಎಲ್ಲ ಇತ್ತು, ತಕ್ಕಡಿ ಮಾತ್ರ ಇರಲಿಲ್ಲ; ಡೇಟಾಬೇಸಿನಲ್ಲಿ ಉಳಿಯುವುದು ಬರೆದಿಟ್ಟ ವಿವರ, ಸಂಪರ್ಕವಲ್ಲ. ಎರಡನೇ ತೂಕಕ್ಕೆ ಪ್ರೋಗ್ರಾಂ ನಿಂತೇ ಹೋಯಿತು. ಮರುದಿನವೂ ಅದೇ ಕಥೆ.

"ನಾಳೆನೂ ನಿಂತ್ರೆ ಬೇಡಮ್ಮ, ನಮ್ಗೆ ಹಳೇ ಲೆಕ್ಕದ ಪುಸ್ತಕನೇ ಸಾಕು," ಎಂದರು ಮಾಲೀಕರು. ಕೂಗಾಡಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಇಷ್ಟು ಮೆತ್ತಗೆ ಹೇಳಿದ್ದಕ್ಕೆ ಭಯವಾಯಿತು.

ತೂಕ ಬರೆದುಕೊಳ್ಳುವ ಗುಮಾಸ್ತರು ಪರದೆ ನೋಡಿ, ಮಂಡಿಕಲ್ ಕಡೆಯಿಂದ ಗೂಡು ತಂದಿದ್ದ ಹೆಂಗಸಿಗೆ ಹೇಳಿದರು: "ನಿಮ್ ಲಾಟಿಗೆ ತಕ್ಕಡಿನೇ ಇಲ್ಲ ಅಂತೈತಮ್ಮ ಇದು."

"ಗೂಡು ತರೋದು ನನ್ ಕೆಲ್ಸ. ತಕ್ಕಡಿನೂ ನಾನೇ ಹೊತ್ಕೊಂಡ್ ಬರ್ಬೇಕೇನಪ್ಪ? ತೂಗೋ ಹೊತ್ಗೆ ನೀವೇ ತಂದಿಡಿ."

ನನಗೆ ನಾಚಿಕೆಯಾಯಿತು. ಪಾಪ, ಲಾಟಿನ ಹೆಗಲಿಗೆ ತಕ್ಕಡಿ ಹೊರಿಸಿದ್ದು ನಾನೇ. ಅಲ್ಲೇ ಕೂತು ಅದನ್ನು ಇಳಿಸಿದೆ. ತನ್ನ ತೂಕ ನೆನಪಿಟ್ಟುಕೊಳ್ಳುವುದು, ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಾದರೆ ಒಪ್ಪದಿರುವುದು, ಲಾಟಿಗೆ ಅಷ್ಟೇ ಕೆಲಸ. ತೂಗುವ ಗಳಿಗೆಯಲ್ಲಿ ತಕ್ಕಡಿಯನ್ನು ತಂದುಕೊಡುವುದು ಅದರ ಹೊರಗಿರುವ ಕೋಡಿನ ಪಾಲಿಗೆ ಹೋಯಿತು.

ಮರುದಿನ ಕರೆಂಟು ಹೋಗಲೇ ಇಲ್ಲ. ಮೊದಲ ತೂಕಗಳು ಮುಗಿಯುತ್ತಲೇ ಮಾಲೀಕರು ತಾವೇ ಎದ್ದು ಹೋಗಿ ಮೇನ್ ಸ್ವಿಚ್ ಆರಿಸಿದರು. ಗುಮಾಸ್ತರು ಹಳೆಯ ಪುಸ್ತಕ ಬಿಡಿಸಿ, ಪೆನ್ನಿನ ಕ್ಯಾಪ್ ತೆಗೆದು ಕಾದರು. ಸ್ವಿಚ್ ಹಾಕಿದ ಮೇಲೆ ಲಾಟು ಬಂತು, ತೂಕ ಬಂತು, ಚೀಟಿ ಹೊರಬಂತು. ಬದುಕಿದೆಯಾ ಬಡಜೀವವೇ ಎನಿಸಿತು. ಕಣ್ಣು ತುಂಬಿದ್ದು ಯಾರಿಗೂ ಕಾಣದಿರಲೆಂದು ಚೀಟಿಯನ್ನು ಎರಡೆರಡು ಸಲ ಓದಿದೆ.

ಮಾಲೀಕರು ನನ್ನ ಕಡೆ ನೋಡಲಿಲ್ಲ. ಗುಮಾಸ್ತರಿಗೆ, "ನಾಳೆಯಿಂದ ಆ ಪುಸ್ತಕ ತರ್ಬೇಡಿ," ಎಂದರು.