ಕುರ್ಲಾದ ಹುಡುಗಿಯ ಆಲ್ಬಮ್ ಬಗ್ಗೆ ನಾನು ಬರೆದದ್ದು

ನನಗೆ ರ‍್ಯಾಪ್ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ. ಹತ್ತಿಸಿದವಳು ಮಗಳು. ಐದನೇ ಕ್ಲಾಸಿನಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವಕ್ಕೆ, ಇಲ್ಲಿಯವರು ಹೇಳುವ ಗ್ಯಾದರಿಂಗ್‌ಗೆಂದು ಒಂದು ಹಿಂದಿ ರ‍್ಯಾಪ್ ಕಲಿಯುತ್ತಿದ್ದಳು. ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳಬೇಕು ಹೇಳಿಕೊಡು ಎಂದು ನನಗೆ ಗಂಟುಬಿದ್ದಳು. ಒಂದು ವಾರ ಇಬ್ಬರೂ ಕೂತು ಅದೇ ಮೂರು ನಿಮಿಷವನ್ನು ಮತ್ತೆ ಮತ್ತೆ ಕೇಳಿದೆವು. ಗ್ಯಾದರಿಂಗ್ ಮುಗಿಯಿತು, ಅವಳು ಬೇರೆ ಹಾಡುಗಳಿಗೆ ಹೋದಳು. ನಾನು ಅಲ್ಲೇ ಉಳಿದೆ.

ನಮ್ಮ ಮನೆ ಮಾಟುಂಗದಲ್ಲಿ. ಕೆಲಸ ಪವಾಯಿಯ ಒಂದು ಆಫೀಸ್ ಕಟ್ಟಡದಲ್ಲಿ; ಅಲ್ಲಿನ ಜನರೇಟರು, ಎಸಿ ಪ್ಲಾಂಟು, ಪಂಪುಗಳನ್ನು ನೋಡಿಕೊಳ್ಳುವ ಇಂಜಿನಿಯರ್ ನಾನು. ಕಾಂಜೂರಮಾರ್ಗ್‌ವರೆಗೆ ಸ್ಲೋ ಲೋಕಲ್ ಟ್ರೈನು, ಅಲ್ಲಿಂದ ಬಸ್ಸು. ಹೋಗುತ್ತ ಅರ್ಧ, ಬರುತ್ತ ಅರ್ಧ ಕೇಳಿದರೆ ಒಂದು ಆಲ್ಬಮ್ ಮುಗಿಯುತ್ತಿತ್ತು. ಹೊಸದು ಬಂದ ವಾರ ಮೂರು ಸಲವಾದರೂ ಕೇಳಿ, ಅಭಿಪ್ರಾಯವನ್ನು ಕನ್ನಡದಲ್ಲಿ ಫೋನಿನಲ್ಲೇ ಟೈಪ್ ಮಾಡಿ ನನ್ನ ಪೇಜಿಗೆ ಹಾಕುತ್ತಿದ್ದೆ. ಓದುವವರು ಹೆಚ್ಚಿರಲಿಲ್ಲ. ಮುಂಬಯಿಯಲ್ಲಿ ಹಿಂದಿ, ಮರಾಠಿ ರ‍್ಯಾಪ್ ಬಗ್ಗೆ ಕನ್ನಡದಲ್ಲಿ ಓದಬೇಕೆಂದು ಯಾರು ಕಾಯುತ್ತಿರುತ್ತಾರೆ?

ಆದರೂ ನನ್ನ ಅಭಿಪ್ರಾಯಗಳ ಮೇಲೆ ನನಗೆ ಬಹಳ ಅಭಿಮಾನ. ಆಲ್ಬಮ್‌ಗಿಂತ ಮಿಕ್ಸ್‌ಟೇಪ್ ಮೇಲು ಎನ್ನುತ್ತಿದ್ದೆ. ಆಲ್ಬಮ್ ಎಂದರೆ ಇಸ್ತ್ರಿ ಮಾಡಿದ ಬಟ್ಟೆ. ಮಿಕ್ಸ್‌ಟೇಪ್ ಎಂದರೆ ಯಾರ ಅಪ್ಪಣೆಗೂ ಕಾಯದೆ ಸ್ನೇಹಿತರ ರೂಮಿನಲ್ಲಿ ರೆಕಾರ್ಡ್ ಮಾಡಿ ಪುಕ್ಕಟೆ ಹಂಚಿಬಿಡುವಂಥದ್ದು. ಇನ್ನೊಂದು ಮಾತನ್ನೂ ಪದೇ ಪದೇ ಬರೆಯುತ್ತಿದ್ದೆ. ರ‍್ಯಾಪ್‌ನ ಜೀವ ಇರುವುದು ವ್ಯಂಜನಗಳಲ್ಲಿ, ಸ್ವರಗಳಲ್ಲಲ್ಲ. ಒಂದು ಒತ್ತಕ್ಷರ ಸರಿಯಾದ ಜಾಗದಲ್ಲಿ ಬಿದ್ದರೆ ತಬಲಾ ಬೇಕಾಗಿಲ್ಲ ಎಂದು.

ಕುರ್ಲಾದ ಹುಡುಗಿಯ ಮೊದಲ ಮಿಕ್ಸ್‌ಟೇಪ್ ನನಗೆ ಸಿಕ್ಕಿದ್ದು ಹಾಗೆ ಹುಡುಕುತ್ತಿದ್ದಾಗ. ಇಪ್ಪತ್ತೆರಡು, ಇಪ್ಪತ್ಮೂರರ ಪ್ರಾಯ. ಕುರ್ಲಾದ ಚಾಳಿನಲ್ಲಿ ಒಂದು ಕೋಣೆಯ ಮನೆ, ಕೊರಿಯರ್ ಆಫೀಸಿನಲ್ಲಿ ಕೆಲಸ. ಅಪ್ಪ ಯಾದಗಿರಿ ಕಡೆಯಿಂದ ಬಂದ ಗೌಂಡಿ, ಕಟ್ಟಡಗಳಿಗೆ ಇಟ್ಟಿಗೆ ಕಟ್ಟುವವರು. ಹಿಂದಿಯಲ್ಲಿ ಹೇಳುತ್ತ ಹೇಳುತ್ತ ಎರಡು ಸಾಲು ತಮ್ಮ ಕಡೆಯ ಕನ್ನಡಕ್ಕೆ ಜಾರಿ, ಏನೂ ಆಗಿಲ್ಲವೆಂಬಂತೆ ಹಿಂದಿಗೆ ವಾಪಸ್ಸು ಬರುತ್ತಿದ್ದಳು. ನಾನು ಟ್ರೈನಿನಲ್ಲಿ ನಿಂತಲ್ಲೇ ನಕ್ಕುಬಿಟ್ಟಿದ್ದೆ. ಅವಳ ಬಗ್ಗೆ ಉದ್ದಕ್ಕೆ ಹೊಗಳಿ ಬರೆದೆ. 'ಥ್ಯಾಂಕ್ಯೂ ಸರ್, ಮನ್ಯಾಗ ಎಲ್ರೂ ಖುಷ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಮೆಸೇಜು ಕಳಿಸಿದಳು.

ಅದಾದ ಮೇಲೆ ಒಂದೂವರೆ ವರ್ಷದಲ್ಲಿ ನನಗೆ ಹೊಸ ಆಲ್ಬಮ್‌ಗಳೆಲ್ಲ ಒಂದೊಂದಾಗಿ ಬೇಸರ ತರಿಸತೊಡಗಿದವು. ಮಾತು ಸ್ಪಷ್ಟವಿಲ್ಲ, ದನಿಗೆ ಕಂಬಳಿ ಹೊದಿಸಿದಂತೆ. ಈಗಿನ ಪ್ರೊಡ್ಯೂಸರುಗಳು ಢಂ ಢಂ ಒಂದನ್ನೇ ಮುಂದೆ ತಂದು ಮಾತನ್ನು ಹೂತುಹಾಕುತ್ತಿದ್ದಾರೆ ಎಂದು ಬರೆದೆ. ಒಂದರ ಬಗ್ಗೆಯಲ್ಲ, ನಾಲ್ಕು ಆಲ್ಬಮ್‌ಗಳ ಬಗ್ಗೆ. ದೊಡ್ಡದೊಂದು ಸತ್ಯ ಕಂಡುಹಿಡಿದವನಂತೆ ಬೀಗಿದೆ. ಮನೆಯಲ್ಲಿ ಹೆಂಡತಿ, "ರೀ, ಟೀವಿ ಸ್ವಲ್ಪ ಸಣ್ಣ ಮಾಡ್ರೀ, ಪಕ್ಕದ ಮನೆಯವರು ಏನಂದ್ಕೋತಾರೆ" ಎನ್ನುತ್ತಿದ್ದಳು. ಅದಕ್ಕೂ ಇದಕ್ಕೂ ಏನಾದರೂ ಸಂಬಂಧವಿರಬಹುದೆಂದು ನನಗೆ ತೋಚಲೇ ಇಲ್ಲ.

ಆಗ ಕುರ್ಲಾದ ಹುಡುಗಿಯ ಮೊದಲ ಆಲ್ಬಮ್ ಬಂತು. ನಾನು ಕಾದಿದ್ದೆ. ಬೆಳಿಗ್ಗೆ ಮಾಟುಂಗ ಸ್ಟೇಷನ್ನಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಹತ್ತಿದವನು ವಿಕ್ರೋಳಿ ಬರುವಷ್ಟರಲ್ಲಿ ಸಿಟ್ಟಾಗಿದ್ದೆ. ಒಂದು ಸಾಲೂ ಪೂರ್ತಿ ತಿಳಿಯುತ್ತಿಲ್ಲ. ಸಂಜೆ ಬರುವಾಗ ಮತ್ತೆ ಕೇಳಿದೆ, ಅದೇ ಪಾಡು. ಮೂರು ದಿನ ಕೇಳಿ ಬರೆದೆ. ಪ್ರೀತಿಯವರು ಮೋಸ ಮಾಡಿದಾಗ ಬರುವ ಸಿಟ್ಟು ಅದು. ಅದರಲ್ಲಿ ಒಂದು ಸಾಲು: 'ಬಾಯಲ್ಲಿ ಅನ್ನ ಇಟ್ಟುಕೊಂಡು ಮಾತಾಡಿದ ಹಾಗಿದೆ, ಮೊದಲು ನುಂಗು ತಾಯಿ, ಆಮೇಲೆ ಹಾಡು.'

ಆ ಸಾಲು ನನಗೆ ಬಹಳ ಇಷ್ಟವಾಗಿತ್ತು. ಹೆಂಡತಿಗೂ ಓದಿ ಹೇಳಿದೆ.

ಎರಡು ದಿನದಲ್ಲಿ ರ‍್ಯಾಪ್ ಅಭಿಮಾನಿಗಳ ದೊಡ್ಡದೊಂದು ಹಿಂದಿ ಪೇಜಿನವರು ಅದನ್ನು ಹಿಂದಿಗೆ ತಿರುಗಿಸಿ, ಅವಳ ಫೋಟೋದ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿಬಿಟ್ಟರು. ನನ್ನ ಹೆಸರೂ ಇಲ್ಲ, ಉಳಿದ ಬರಹವೂ ಇಲ್ಲ. ಅನ್ನದ ಸಾಲು ಮಾತ್ರ. ಅವಳ ಹಾಡುಗಳ ಕೆಳಗೆ ಜನ ಅನ್ನದ ಬಟ್ಟಲಿನ ಚಿತ್ರ ಹಾಕತೊಡಗಿದರು. ಹಾಡು ಕೇಳದವರೂ ಹಾಕಿದರು. ಮೊದಲ ದಿನ ನನಗೆ ಒಳಗೊಳಗೇ ಹೆಮ್ಮೆಯಾಯಿತು ಎಂಬುದನ್ನು ಮುಚ್ಚಿಡಲಾರೆ.

ಭಾನುವಾರ ಬೆಳಿಗ್ಗೆ ದೋಸೆ ತಿನ್ನುತ್ತ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳೀಗ ಹನ್ನೆರಡನೆಯ ತರಗತಿ. ಎಡಗೈಯಲ್ಲಿ ಫೋನು ತೆಗೆದುಕೊಂಡು ಆ ಆಲ್ಬಮ್‌ನ ಒಂದು ಹಾಡು ಹಾಕಿ ಕೇಳಿದಳು. ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದಳು.

"ಅಪ್ಪಾ, ಸೀರಿಯಸ್ಲಿ? ಸಬ್ ಕ್ಲಿಯರ್ ಹೈ."

"ಏನು ಕ್ಲಿಯರ್? ಏನು ಹೇಳ್ತಾಳೆ, ಹೇಳು ನೋಡೋಣ."

ಅವಳು ಸಾಲು ಸಾಲಾಗಿ ಹೇಳಿದಳು. ಒಂದು ಪದವೂ ತಡವರಿಸಲಿಲ್ಲ. "ಅವಳು ಸಾಫ್ಟ್ ಆಗಿ ಬೋಲ್ತಾಳೆ ಅಪ್ಪಾ. ಕಿವಿ ಹತ್ರ ಬಂದು ಸೀಕ್ರೆಟ್ ಹೇಳೋ ಥರ. ಅದೇ ಮಜಾ ಇದ್ರಲ್ಲಿ," ಎಂದಳು.

ಆಮೇಲೆ ಮೇಜಿನ ಮೇಲಿದ್ದ ಪೇಪರನ್ನು ತುಟಿ ಕಾಣದಂತೆ ಬಾಯಿಗೆ ಅಡ್ಡ ಹಿಡಿದಳು. "ನಾನೊಂದು ವರ್ಡ್ ಹೇಳ್ತೀನಿ. ಏನು ಹೇಳು."

"ಹತ್ತು," ಎಂದೆ.

"ನಾನು ಹೇಳಿದ್ದು ಹಚ್ಚು. ಈಗ?"

"ಹತ್ತು."

"ಅಲ್ಲ, ಹಸು."

ಹೆಂಡತಿ ಕಾವಲಿಯ ಮುಂದಿನಿಂದ ತಿರುಗಿ ನೋಡಿದಳು. ಮಗಳು ಪೇಪರ್ ಕೆಳಗಿಟ್ಟಳು, ಮತ್ತೆ ಕೇಳಲಿಲ್ಲ.

ಮಾಟುಂಗದಲ್ಲೇ ಒಬ್ಬರು ಕಿವಿ ಡಾಕ್ಟರಿದ್ದರು, ಮಂಗಳೂರು ಕಡೆಯ ಹೆಂಗಸು; ಅವರ ಬಳಿ ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಬಹಳ ಹೊತ್ತು ಏನೂ ಕೇಳಿಸದೆ ಕೂತಿದ್ದೆ. ಪರೀಕ್ಷೆ ಇನ್ನೂ ಶುರುವಾಗಿಲ್ಲ ಎಂದುಕೊಂಡಿದ್ದೆ. ಆಮೇಲೆ ಕಾಗದದ ಮೇಲೆ ಒಂದು ಗೆರೆ ತೋರಿಸಿದರು. ಎಡಗಡೆ ಸಮನಾಗಿದ್ದದ್ದು ಬಲಕ್ಕೆ ಹೋಗುತ್ತ ಕಡಿದಾಗಿ ಇಳಿದಿತ್ತು.

"ದಪ್ಪ ಶಬ್ದ ನಿಮಗೆ ಚೆನ್ನಾಗಿ ಕೇಳ್ತದೆ. ಸಣ್ಣದು, ತೀಕ್ಷ್ಣವಾದದ್ದು ಹೋಗಿದೆ. ಸ, ಶ, ತ, ಚ... ಹೀಗಿನ ಅಕ್ಷರಗಳು. ಯಂತ್ರದ ಹತ್ತಿರ ಕೆಲಸವಾ?"

"ಹೌದು. ಇಯರ್‌ಫೋನೂ ಹಾಕ್ತೀನಿ."

"ಮತ್ತೆ ಕೇಳುವುದೇನು! ಹೋದದ್ದು ಬರುವುದಿಲ್ಲ ಮಾರಾಯ್ರೆ. ಉಳಿದದ್ದನ್ನು ಜೋಪಾನ ಮಾಡಿಕೊಳ್ಳಿ."

ಹೊರಗೆ ಬಂದು ಹೂವಿನ ಅಂಗಡಿಯ ಮುಂದೆ ನಿಂತೆ. ನನಗೆ ಕಿವಿಯ ಚಿಂತೆ ಆಗ ಬರಲಿಲ್ಲ. ನಾಲ್ಕು ಆಲ್ಬಮ್‌ಗಳ ಬಗ್ಗೆ ನಾನು ಬರೆದದ್ದು ಒಂದೊಂದಾಗಿ ನೆನಪಾಗುತ್ತಿತ್ತು. ಆಮೇಲೆ ಅನ್ನದ ಸಾಲು.

ಅದೇ ಸಂಜೆ ತಿದ್ದುಪಡಿ ಬರೆದೆ. ನನ್ನ ಕಿವಿಯ ದೋಷ, ಅವಳ ಹಾಡಿನ ದೋಷವಲ್ಲ. ಡಾಕ್ಟರ ಚೀಟಿಯ ಫೋಟೋವನ್ನೂ ಹಾಕಿದೆ. ಹತ್ತು ಹನ್ನೆರಡು ಜನ 'ಬೇಗ ಗುಣವಾಗಲಿ' ಎಂದರು. ಆ ಹಿಂದಿ ಪೇಜಿಗೆ ಮೂರು ಸಲ ಬರೆದೆ, ಚಿತ್ರ ತೆಗೆಯಿರಿ ಎಂದು ಬೇಡಿಕೊಂಡೆ. ಉತ್ತರವಿಲ್ಲ. ನನ್ನ ಹಳೆಯ ಬರಹ ಅಳಿಸಿಹಾಕಿದೆ. ಅದರಿಂದ ಏನೂ ಆಗಲಿಲ್ಲ, ಅನ್ನದ ಬಟ್ಟಲುಗಳು ಬರುತ್ತಲೇ ಇದ್ದವು. ಹುಡುಗಿಗೆ ಉದ್ದನೆಯ ಮೆಸೇಜು ಕಳಿಸಿದೆ. ಕನ್ನಡ ಅಕ್ಷರದಲ್ಲಿ ಬರೆದುಬಿಟ್ಟೆನಲ್ಲ, ಓದಲು ಬರುತ್ತದೋ ಇಲ್ಲವೋ ಎಂದು ಮತ್ತೆ ಇಂಗ್ಲಿಷ್ ಅಕ್ಷರಗಳಲ್ಲಿ ಅದನ್ನೇ ಕಳಿಸಿದೆ. ಅವಳು ನೋಡಿದಳೆಂದು ಫೋನು ತೋರಿಸಿತು. ಮರುದಿನ ಹುಡುಕಿದರೆ ಆಲ್ಬಮ್ಮೇ ಇರಲಿಲ್ಲ. ಎಲ್ಲ ಕಡೆಯಿಂದ ತೆಗೆದಿದ್ದಳು.

ಎರಡು ತಿಂಗಳು ಕಳೆದ ಮೇಲೆ ಅವಳಿಂದಲೇ ಮೆಸೇಜು ಬಂತು: 'ಸರ್, ಪೂರಾ ನಯಾ ರೆಕಾರ್ಡ್ ಮಾಡ್ದೆ. ಸುನೋ.'

ಅಂದು ಲೋಕಲ್ಲಿನಲ್ಲಿ ಹಾಕಿಕೊಂಡೆ. ಮೊದಲ ಸಾಲೇ ಗಾಜಿನಂತೆ ಸ್ಪಷ್ಟವಾಗಿ ಕೇಳಿಸಿತು. ಎರಡನೆಯದು, ಮೂರನೆಯದು, ಎಲ್ಲ! ಕನ್ನಡಕ್ಕೆ ಜಾರುವ ಜಾಗವೂ ಸಿಕ್ಕಿತು. ಒಂದೂವರೆ ವರ್ಷದಿಂದ ಹೀಗೆ ಒಂದು ಹಾಡನ್ನು ಪೂರ್ತಿ ಕೇಳಿರಲಿಲ್ಲ. ಕಣ್ಣು ತುಂಬಿ ಬಂದು, ಪಕ್ಕದವರಿಗೆ ಕಾಣದಿರಲೆಂದು ಬಾಗಿಲ ಕಡೆ ಮುಖ ತಿರುಗಿಸಿದೆ. ಮನೆಗೆ ಬಂದವನೇ ಮಗಳ ಕಿವಿಗೆ ಇಯರ್‌ಫೋನ್ ಕೊಟ್ಟೆ.

ಅರ್ಧ ನಿಮಿಷಕ್ಕೆ ಕಿತ್ತು ತೆಗೆದಳು.

"ಕಿವಿ ಚುಚ್ತಿದೆ ಅಪ್ಪಾ. ಯಾಕೆ ಹೀಗೆ ಕಿರುಚ್ತಾಳೆ? ಚಿಲ್ಲಾ ರಹೀ ಹೈ. ಒಂದೊಂದು ವರ್ಡ್‌ನೂ ಡಿಕ್ಟೇಶನ್ ಕೊಡೋ ಟೀಚರ್ ಥರ." ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ಪಹಲೇವಾಲಾ ಚೆನ್ನಾಗಿತ್ತು, ಹಳೇದು."

ಇನ್ನು ಎದುರಿಗೇ ಹೋಗಿ ಹೇಳಬೇಕು ಎಂದು ತೀರ್ಮಾನಿಸಿದೆ. ಮುಂದಿನ ಭಾನುವಾರ ಮಧ್ಯಾಹ್ನ ಕುರ್ಲಾ ಸ್ಟೇಷನ್ನಿನ ಹೊರಗಿನ ಚಹದ ಹೋಟೆಲಿಗೆ ಬರುತ್ತೇನೆಂದಳು. ಬಂದಾಗ ಜೊತೆಗೆ ಅವಳ ಅಪ್ಪನೂ ಇದ್ದರು. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅಂಗೈ ಸಿಮೆಂಟಿಗೆ ಒಡೆದು ಒರಟಾಗಿತ್ತು.

"ನೀವs ಏನ್ರಿ ಬರ್ದಾವ್ರು? ನಾ ಊರ ಸಾಲ್ಯಾಗ ಏಳನೇತ್ತ ತನಕ ಕಲ್ತೀನ್ರಿ ಸರ್. ನಮ್ಮ ಮನ್ಯಾಗ ಕನ್ನಡ ಓದ್ಲಿಕ್ಕಿ ಬರೂದು ನನಗೊಬ್ಬಗs. ನೀವು ಬರ್ದದ್ದು ಎಲ್ಲಾ ನಾನs ಓದಿ ಹೇಳ್ತೀನಿ."

"ಅನ್ನದ್ದೂ ಓದಿದ್ರಾ?" ನನ್ನ ಬಾಯಿಂದ ಹೊರಬಿತ್ತು.

"ಓದ್ದೆ. ಮದಲ ಸಿಟ್ಟು ಬಂತ್ರಿ. ಆಮ್ಯಾಲ ಇಕಿಗಿ ಅಂದೆ, ಮದಲ ಹೊಗಳಿದಾವ್ರು ಅವರs ಅಲ್ಲೇನು? ತಿಳದಾವ್ರು ಹೇಳ್ಯಾರ, ಖರೇನs ಇರ್ತದ. ತಿದ್ಕೊ ಅಂದೆ."

ಅವಳು ಚಹದ ಗ್ಲಾಸು ತಿರುಗಿಸುತ್ತಿದ್ದಳು. ಮಾತಾಡಿದಾಗ ದನಿ ಒಡೆದಿತ್ತು. ಒಂದೊಂದು ಸಾಲನ್ನು ಇಪ್ಪತ್ತು, ಮೂವತ್ತು ಸಲ ರೆಕಾರ್ಡ್ ಮಾಡಿದೆ ಎಂದಳು. "ನಮ್ಮನಿ ಒಂದs ಖೋಲಿ ಸರ್. ಎಲ್ಲಾರೂ ಇರ್ತಾರ, ಅದಕ್ಕ ಮೆಲ್ಲಗ ಹೇಳಿ ಹೇಳಿ ಆದತ್ ಆಗಿತ್ತು. ಅಬ್ ಛೂಟ್ ಗಯಾ."

"ಅದು ಬಿಡಬೇಕಾದ ಅಭ್ಯಾಸ ಆಗಿರಲಿಲ್ಲಮ್ಮ," ಎಂದೆ. "ಅದೇ ನಿನ್ನ ಹಾಡು. ತಪ್ಪು ನನ್ನ ಕಿವಿಯದು. ಮೆಸೇಜ್ ಮಾಡಿದ್ನಲ್ಲ, ನೋಡು." ಜೇಬಿನಿಂದ ಡಾಕ್ಟರ ಕಾಗದ ತೆಗೆದು ಮೇಜಿನ ಮೇಲೆ ಹರಡಿದೆ. ಗೆರೆ ಇಳಿಯುವ ಜಾಗಕ್ಕೆ ಬೆರಳಿಟ್ಟು ಒಂದೊಂದೇ ಅಕ್ಷರ ಹೇಳಿದೆ.

ಅವಳು ಕಾಗದವನ್ನು ನೋಡಿದಳು, ನನ್ನನ್ನು ನೋಡಿದಳು, ನಕ್ಕಳು. ಹಿರಿಯರನ್ನು ಸಮಾಧಾನ ಮಾಡುವ ನಗು.

"ಸರ್, ನೀವು ದಿಲ್ ಕೇ ಅಚ್ಛೇ ಇದ್ದೀರಿ. ಜನ ನನಗ ಬೈದ್ರು ಅಂತ ನಿಮಗ ಬುರಾ ಲಗಾ. ಪರ್ ನನಗೋಸ್ಕರ ಝೂಠ್ ಮತ್ ಬೋಲೋ ನಾ, ಸುಳ್ಳು ಬ್ಯಾಡ. ಅಷ್ಟು ಜನ ಅನ್ನದ ಬಟ್ಟಲಾ ಹಾಕಿದ್ರು. ಎಲ್ಲಾರ ಕಿವಿನೂ ಖರಾಬ್ ಅದ ಏನು?"

ಅವರು ಕೇಳಿಯೇ ಇರಲಿಲ್ಲ, ನನ್ನ ಸಾಲು ಓದಿ ನಕ್ಕವರು ಅಷ್ಟೇ, ಎಂದೆ. ಅವಳು ತಲೆ ಅಲ್ಲಾಡಿಸಿದಳು. ನಾನು ಜೋರು ಮಾಡಿ ಹೇಳಿದಷ್ಟೂ ಅವಳಿಗೆ ನಾನು ಇನ್ನಷ್ಟು ಒಳ್ಳೆಯವನಾಗಿ ಕಾಣುತ್ತಿದ್ದೆ. ಹಳೆಯದನ್ನು ಮತ್ತೆ ಹಾಕು ಎಂದು ಬೇಡಿದೆ. ಅದೆಲ್ಲ ಡಿಲೀಟ್ ಮಾಡಿದ್ದೇನೆ, ರೆಕಾರ್ಡ್ ಮಾಡಿಕೊಟ್ಟ ಸ್ನೇಹಿತನ ಕಂಪ್ಯೂಟರಿನಲ್ಲೂ ಇಲ್ಲ ಎಂದಳು. ಅದನ್ನು ಹೇಳುವಾಗ ಅವಳಿಗೆ ಒಂದು ಚೂರೂ ಬೇಸರವಿರಲಿಲ್ಲ.

ಅವಳ ಅಪ್ಪ ಮುಂದಕ್ಕೆ ಬಾಗಿದರು.

"ಅದೆಲ್ಲಾ ಇರ್ಲಿ ಸರ್. ಹೊಸಾದು ಕೇಳೀರಲ್ಲ? ಈಗ ಮಾತು ಸಾಪ್ ಬರ್ತಾವಿಲ್ಲೋ? ಅದೊಂದು ಹೇಳ್ರಿ."

ನನ್ನ ಮಗಳು ಹೇಳಿದ್ದನ್ನು ಇಲ್ಲಿ ಹೇಳಬೇಕಿತ್ತು. ಹೇಳಿದರೆ ಈ ಹುಡುಗಿ ಇದನ್ನೂ ಅಳಿಸಿ, ಆ ಒಡೆದ ದನಿಯಲ್ಲೇ ಮತ್ತೆ ಮೂವತ್ತು ಮೂವತ್ತು ಸಲ ಹೇಳಲು ಕೂರುತ್ತಾಳೆ, ಅದೂ ನನ್ನ ಮಾತಿನ ಮೇಲೆ. ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಒಂದೊಂದು ಅಕ್ಷರಾನೂ ಕೇಳಿಸ್ತು," ಎಂದೆ.

ಅದು ಸುಳ್ಳಲ್ಲ. ಅಪ್ಪ ಮಗಳ ಬೆನ್ನು ತಟ್ಟಿ, ಹೋಟೆಲಿನವನಿಗೆ ಇನ್ನೂ ಮೂರು ಚಹ ಹೇಳಿದರು. "ಇದನ್ನs ಬರೀರಿ ಸರ್. ನಾ ಓದ್ತೀನಿ," ಎಂದರು.

ನಾನು ಇನ್ನೂ ಬರೆದಿಲ್ಲ. ಪ್ರತಿ ವಾರ ಯಾವುದೋ ಹೊಸ ಆಲ್ಬಮ್ ಬರುತ್ತದೆ, ಲೋಕಲ್ಲಿನಲ್ಲಿ ಹುಡುಗರು ಅದರ ಬಗ್ಗೆ ಜಗಳವಾಡುತ್ತಾರೆ, ನಾನು ಅವರ ತುಟಿಗಳನ್ನು ನೋಡುತ್ತ ನಿಂತಿರುತ್ತೇನೆ. ಮೊನ್ನೆ ಹುಡುಗಿಯ ಅಪ್ಪ ಮತ್ತೆ ಫೋನ್ ಮಾಡಿದ್ದರು. ಕೇಳಿದ್ದು ಇಷ್ಟೇ: "ಆಯ್ತೇನ್ರಿ ಸರ್, ಬರ್ಯೂದು?"